ನನ್ನ ಗಂಡನಿಗೆ ಕೊಟ್ಟ ಅರ್ಹತಾ ಪತ್ರವನ್ನು ಹಿಂಪಡೆಯಿರಿ

ಚಾಲಕರ ದೇಹಾರ್ಹತೆಗೆ ಮೊಹರು ಒತ್ತುವ ಮಾನ್ಯರೇ,

ನನ್ನ ಗಂಡ ನಾಗೇಶ್ ಶಾಲಾ ಬಸ್ ಓಡಿಸಲು ಯೋಗ್ಯರೆಂದು ತಾವು ಬರೆದುಕೊಟ್ಟಿದ್ದೀರಿ. ಅವರು ಯೋಗ್ಯರಲ್ಲ. ಸೋಮವಾರ ಶಾಲೆ ತೆರೆಯುತ್ತದೆ. ಕೊತ್ತಗೆರೆ ಕಡೆಯ ಮೂವತ್ತೆಂಟು ಮಕ್ಕಳನ್ನು ಕುಣಿಗಲ್‌ಗೆ ಕರೆದೊಯ್ಯುವವರು ಅವರೇ. ನನ್ನ ಮೂರು ಅರ್ಜಿಗಳಿಗೂ ತಮ್ಮ ಕಚೇರಿ ಉತ್ತರಿಸದ ಕಾರಣ ಈ ಬಹಿರಂಗ ಪತ್ರ ಬರೆದು ಮನೆಯ ಮಾತನ್ನು ಬೀದಿಗೆ ತಂದಿದ್ದೇನೆ.

ನಾನು ಪಿಯುಸಿ ಮಕ್ಕಳಿಗೆ ಮನಃಶಾಸ್ತ್ರ ಹೇಳಿಕೊಡುವವಳು. ಮಿದುಳಿನ ಫ್ರಾಂಟಲ್ ಹಾಲೆ ವಿವೇಚನೆಗೆ, ಆಕ್ಸಿಪಿಟಲ್ ಹಾಲೆ ನೋಟಕ್ಕೆ, ಪರೈಟಲ್ ಹಾಲೆ ಸುತ್ತಲಿನ ಜಾಗದ ಅರಿವಿಗೆ ಎಂದು ಹದಿನಾಲ್ಕು ವರ್ಷದಿಂದ ಬೋರ್ಡಿನ ಮೇಲೆ ಬರೆಯುತ್ತಿದ್ದೇನೆ. ಆದರೂ ಫೆಬ್ರವರಿಯಲ್ಲಿ ಅವರಿಗೆ ಲಘು ಪಾರ್ಶ್ವವಾಯು ಬಡಿದ ಮೇಲೆ, ತಟ್ಟೆಯ ಬಲಗಡೆಯ ಮುದ್ದೆ ಮುಗಿಸಿ ಎಡಗಡೆಯ ಪಲ್ಯ ಮುಟ್ಟದೆ ಏಳುತ್ತಿದ್ದಾಗ, ನನ್ನ ಅಡುಗೆ ರುಚಿಸುತ್ತಿಲ್ಲವೆಂದು ಮುನಿಸಿಕೊಂಡೆ. ಎಡಗೆನ್ನೆಯ ಗಡ್ಡ ಹಾಗೇ ಉಳಿದಾಗ ಸೋಮಾರಿತನವೆಂದು ಗೊಣಗಿದೆ. ಈಗ ನೆನೆದರೆ ನಾಚಿಕೆಯಾಗುತ್ತದೆ. ಕೊನೆಗೆ ತುಮಕೂರಿನ ನರರೋಗ ವೈದ್ಯರು ಹೇಳಿದರು: "ಕಣ್ಣು ಚೆನ್ನಾಗಿದೆಮ್ಮ. ಬಲಗಡೆ ಪರೈಟಲ್‌ಗೆ ಏಟು ಬಿದ್ದಿದೆ. ಎಡಗಡೆ ಅನ್ನೋದೊಂದಿದೆ ಅಂತ ಮಿದುಳು ಗಮನಕ್ಕೇ ತಗೊಳ್ತಿಲ್ಲ. ಗಾಡಿ ಮುಟ್ಟಿಸ್ಬೇಡಿ."

ಆ ವರದಿಯನ್ನು ತಮ್ಮ ಮೇಜಿನ ಮೇಲಿಟ್ಟೆ. "ಇದಕ್ಕೆ ಫಾರಂನಲ್ಲಿ ಕಾಲಂ ಇಲ್ವಲ್ಲಮ್ಮ" ಎಂದಿರಿ. ನಿಜ, ಪಾರ್ಶ್ವವಾಯುವಿಗೆ ಎಂಥ ಅವಿಧೇಯತೆ, ಕಾಲಂ ಇಲ್ಲದ ಜಾಗಕ್ಕೇ ಬಡಿದಿದೆ. ತಾವು ಒಂದೊಂದೇ ಅಕ್ಷರ ತೋರಿಸಿ ಓದಿಸಿದಿರಿ, ಕೈಕಾಲು ಆಡಿಸಿ ನೋಡಿದಿರಿ, ಸಹಿ ಹಾಕಿದಿರಿ. ಕಣ್ಣು ನೆಟ್ಟಗಿದ್ದ ಮಾತ್ರಕ್ಕೆ ಮನುಷ್ಯನಿಗೆ ಎಲ್ಲವೂ ಕಾಣುತ್ತದೆಂದು ತಮಗೆ ಹೇಳಿಕೊಟ್ಟವರು ಯಾರು? ಮಿದುಳು ಪರೀಕ್ಷೆಗೆ ಒಳಪಡದ ಅಂಗವೇ?

ಅವರು ಸುಳ್ಳು ಹೇಳುತ್ತಿಲ್ಲ. ತನಗೆ ಕಾಯಿಲೆಯಿದೆ ಎಂಬುದು ತಿಳಿಯದಿರುವುದೂ ಆ ಕಾಯಿಲೆಯ ಭಾಗವೇ. ಕಳೆದ ಭಾನುವಾರ ಸ್ಕೂಟರ್ ಹೊರತೆಗೆಯುವಾಗ ಗೇಟಿನ ಎಡಗಂಬಕ್ಕೆ ಗುದ್ದಿದರು. ಮೊಣಕೈಯಿಂದ ರಕ್ತ ಸುರಿಯುತ್ತಿತ್ತು. "ಗೇಟ್ ಯಾರೋ ಜರುಗಿಸವ್ರೆ ಕಣೇ" ಎಂದರು. ಬಸ್ಸು ಬೇಡವೆಂದು ಕೈಮುಗಿದೆ. "ಸಾಹೇಬ್ರೇ ಫಿಟ್ ಅಂದವ್ರೆ, ನಿಂದೇನೇ ಗೋಳು ಬುಡು" ಎಂದರು. ನನಗೆ ಅವರ ಮೇಲೆ ಕೋಪವಿಲ್ಲ, ಹೆದರಿಕೆಯಿದೆ. ಬಸ್ಸಿನ ಕೀ ಅಡಗಿಸಿಟ್ಟಿದ್ದೆ, ಶಾಲೆಯವರು ಇನ್ನೊಂದು ಕೊಟ್ಟಿದ್ದಾರೆ. ತಮ್ಮ ಸಹಿಗಿಂತ ನನ್ನ ಮಾತನ್ನು ಅವರಾದರೂ ಏಕೆ ನಂಬಿಯಾರು?

ಸೋಮವಾರದ ಒಳಗೆ ಆ ಪತ್ರವನ್ನು ರದ್ದುಪಡಿಸಿ. ಕೆಲಸ ಹೋದರೆ ಅವರು ನನ್ನೊಡನೆ ಮಾತು ಬಿಡಬಹುದು, ಬಿಡಲಿ. ಇಷ್ಟಾದರೂ ಸಂಶಯವಿದ್ದರೆ ಲಗತ್ತಿಸಿರುವ ಹಾಳೆಯನ್ನು ನೋಡಿ. ಅವರ ಬಸ್ಸನ್ನು ಮೇಲಿನಿಂದ ನೋಡಿದಂತೆ ಚಿತ್ರ ಬರೆದುಕೊಡಿ ಎಂದು ನಿನ್ನೆ ಕೇಳಿದೆ. ಬಲಗಡೆ ಚಾಲಕನ ಸೀಟು, ಸ್ಟೇರಿಂಗ್, ಹಿಂದೆ ಸಾಲಾಗಿ ಮಕ್ಕಳ ಸೀಟುಗಳು, ಎಲ್ಲ ಅಚ್ಚುಕಟ್ಟಾಗಿದೆ. "ಇನ್ನೇನಾದ್ರೂ ಉಳೀತಾ?" ಎಂದೆ. "ಎಲ್ಲಾ ಬರ್ದಿದೀನಲ್ಲ, ಸರಿಯಾಗಿ ನೋಡು" ಎಂದರು. ಮಕ್ಕಳು ಹತ್ತಿ ಇಳಿಯುವ ಬಾಗಿಲು ಅದರಲ್ಲಿಲ್ಲ.

ಇಂತಿ,
ಗಂಡನ ಕೆಲಸ ಕಿತ್ತುಕೊಳ್ಳಿರೆಂದು ಬೇಡುತ್ತಿರುವ
ಮಂಜುಶ್ರೀ, ಕೊತ್ತಗೆರೆ