ಎಂದೂ ಬಿಚ್ಚದ ಗಿಟಾರಿನ ಎಲೀಶಜ್ಜನಿಗೆ

ಹುಬ್ಬಳ್ಳಿ, ಫೆಬ್ರುವರಿ 30, 2189

ನನ್ನ ಮದುವೆಯಾಯಿತು, ಎಲೀಶಜ್ಜ, ಮೊನ್ನೆ ಭಾನುವಾರ, ಎಷ್ಟು ಖುಷಿಯೆಂದರೆ ನಿಮ್ಮ ಮೇಲಿನ ಸಿಟ್ಟನ್ನೂ ಎರಡು ದಿನ ಮರೆತಿದ್ದೆ! ನಾನು ಸಲೋಮಿ, ನಿಮ್ಮಿಂದ ಆರು ತಲೆಮಾರು ಕೆಳಗಿನವಳು. ನಮ್ಮ ಫೆಬ್ರುವರಿಗೆ ಮೂವತ್ತು ದಿನ, ಗಾಬರಿಯಾಗಬೇಡಿ. ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ನಾನು ಓದಿದ್ದು ಇಂಗ್ಲಿಷ್ ಶಾಲೆಯಲ್ಲಿ. ಅದೊಂದು ಇನ್ನೂ ಬದಲಾಗಿಲ್ಲ.

ನನ್ನ ಗಂಡ ತಿಪ್ಪೇಶ ಸೂಪರ್! ಬೆಳಿಗ್ಗೆ ಎದ್ದು ಚಹಾ ಮಾಡುತ್ತಾನೆ, ನಾನು ಶ್ರುತಿ ಮಾಡುವಾಗ ಉಸಿರು ಬಿಗಿಹಿಡಿದು ಕೂರುತ್ತಾನೆ. ನೀವು ನನಗೆ ಮಾಡಿದ್ದನ್ನು ಅವನ ಮುಂದೆ ಹೇಳಿದಾಗ ಪಾಪ, ಅತ್ತೇಬಿಟ್ಟ. ಸಿಹಿಸುದ್ದಿ ಇಲ್ಲಿಗೆ ಮುಗಿಯಿತು.

ನಮ್ಮಲ್ಲಿ ತೊಂಬತ್ತು ವರ್ಷದಿಂದ ಮರಮೌನ ಜಾರಿಯಲ್ಲಿದೆ, ಅಂದರೆ ಯಾರೂ ಮರ ಕಡಿಯುವಂತಿಲ್ಲ. ಹೊಸ ಗಿಟಾರ್ ಹುಟ್ಟುವುದು ಹಳೆಯ ಗಿಟಾರಿನ ಮರದಿಂದಲೇ. ಹಾಗಾಗಿ ಕಸುಬಿಗೆ ಬರುವವರು ತಮ್ಮ ಮನೆಯ ಹಿರಿಯರು ಮಾಡಿದ ಗಿಟಾರನ್ನು ಬಿಸಿನೀರಿನ ಬಟ್ಟೆ, ತೆಳು ಚೂರಿ ಇಟ್ಟು ಒಂದೂ ಎಳೆ ಮುರಿಯದಂತೆ ಬಿಚ್ಚಬೇಕು, ಮೂರನೆಯ ದಿನ ಮತ್ತೆ ಕೂಡಿಸಿ ನುಡಿಸಬೇಕು. ಗೆದ್ದವರಿಗೆ ಉಳಿಪಟ್ಟ: ಗುರುಗಳು ಕೈಗೆ ಉಳಿ ಕೊಡುತ್ತಾರೆ. ಎರಡು ಸಲ ಸೋತವರು ಆಮೇಲೆ ಉಳಿ ಮುಟ್ಟುವಂತಿಲ್ಲ.

ಮೊದಲ ಪರೀಕ್ಷೆಯಲ್ಲಿ ನನ್ನ ಪಕ್ಕ ಕೂತವಳ ಅಜ್ಜಿ ಚರ್ಮ ಕುದಿಸಿದ ಅಂಟು ಬಳಸಿದ್ದಳು. ಅರ್ಧ ಗಂಟೆಯಲ್ಲಿ ಗಿಟಾರಿನ ಕುತ್ತಿಗೆ ಬೆಣ್ಣೆಯಂತೆ ಬಿಟ್ಟುಕೊಂಡಿತು. ನಾನು ನಿಮ್ಮ ಗಿಟಾರಿಗೆ ಮೂರು ಗಂಟೆ ಹಬೆ ಕೊಟ್ಟೆ, ಬೆರಳು ಬೆಂದವು. ಕೊನೆಗೆ ಸೀಳಿದ್ದು ಅಂಟಲ್ಲ, ಬೀಟೆ ಮರ. ಒಳಗೆ ನಿಮ್ಮದೇ ಅಕ್ಷರದ ಚೀಟಿ: “ಎಪಾಕ್ಸಿ ಅಂಟು ಹಾಕೀನಿ. ಎಂದೂ ಬಿಚ್ಚಂಗಿಲ್ಲ. ಗ್ಯಾರಂಟಿ.” ಪರೀಕ್ಷೆ ನಡೆಸುತ್ತಿದ್ದ ಗಂಗವ್ವ ಅದನ್ನು ಎಲ್ಲರಿಗೂ ಓದಿ ಹೇಳಿ, “ಏನವಾ, ನಿಮ್ಮಜ್ಜ ಗಿಟಾರ್ ಮಾಡ್ಯಾನೋ, ಶವಪೆಟ್ಟಿಗಿ ಜಡದಾನೋ?” ಎಂದಳು. ಇಡೀ ಗಿಟಾರ್ ಶಾಲೆ ನಕ್ಕಿತು.

ನಿಮಗೆ ಎಷ್ಟು ಜಂಬ, ಅಜ್ಜ! ನಿಮ್ಮ ಕೈಕೆಲಸದ ಮೇಲೆ ಇನ್ನೊಬ್ಬರ ಕೈ ಬೀಳುವುದೇ ಬೇಡವೆಂದುಕೊಂಡಿರಾ? ವಾದ್ಯವೆಂದರೆ ಬಿರುಕು ಬಿಡುತ್ತದೆ, ಸೊಟ್ಟಗಾಗುತ್ತದೆ, ಯಾರೋ ಬಿಚ್ಚಿ ಸರಿಮಾಡುತ್ತಾರೆ. ಆ ‘ಯಾರೋ’ ನಾನು. ನನ್ನನ್ನು ನೀವು ಲೆಕ್ಕಕ್ಕೇ ಹಿಡಿಯಲಿಲ್ಲ. ಚರ್ಮದ ಅಂಟು ನಾರುತ್ತದೆ ಎಂಬ ನೆಪ ನನಗೆ ಬೇಡ. ಕಿಟಕಿ ತೆರೆಯಿರಿ.

ಈಗ ಮನೆಯಲ್ಲಿ ಉಳಿದಿರುವುದು ನಿಮ್ಮ ಕೊನೆಯ ಗಿಟಾರ್ ಒಂದೇ. ಬರುವ ತಿಂಗಳು, ಎರಡನೆಯ ಹಾಗೂ ಕೊನೆಯ ಸಲ, ನಾನು ಬಿಚ್ಚಬೇಕಾದದ್ದು ಅದನ್ನೇ. ಅದರ ತೂತಿನಿಂದ ಬಗ್ಗಿ ನೋಡಿದರೆ ಒಳಗಿನ ಚೀಟಿ ಕಾಣುತ್ತದೆ: “ಕುತ್ತಿಗೆ ಕೂಡಿಸಿದ್ದು 18 ನವೆಂಬರ್ 2026.” ಯಾವ ಅಂಟೆಂದು ಬರೆದಿಲ್ಲ, ಆದರೆ ನಿಮ್ಮನ್ನು ನಾನು ಬಲ್ಲೆ. ತಿಪ್ಪೇಶ ಮದುವೆಯ ಉಡುಗೊರೆಯಾಗಿ ನನಗೆ ಹಿಂಬಂಡಿಯ ಟಿಕೆಟ್ ಕೊಟ್ಟಿದ್ದಾನೆ. ಹಿಂಬಂಡಿಯೆಂದರೆ ಕಳೆದ ವರ್ಷಗಳಿಗೆ ಹೋಗುವ ರೈಲು; ಈ ಪತ್ರವೂ ನನಗಿಂತ ಮೊದಲು ಅದರಲ್ಲೇ ಬರುತ್ತದೆ.

ನನ್ನ ಸ್ವಾಗತಕ್ಕೆ ಏನೂ ಮಾಡಬೇಡಿ. ಆ ಎಪಾಕ್ಸಿ ಡಬ್ಬಿ ತೆರೆಯಬೇಡಿ, ಅಷ್ಟೇ. ಚರ್ಮವನ್ನು ಹಿಂದಿನ ದಿನವೇ ನೆನೆಹಾಕಿರಿ. ಕುದಿಸುವಾಗ ನಾನು ಪಕ್ಕದಲ್ಲಿ ನಿಂತಿರುತ್ತೇನೆ. 2026ರ ನವೆಂಬರ್ 17, ಮಂಗಳವಾರ, ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷದ ಹಿಂಬಂಡಿಯಿಂದ ಹುಬ್ಬಳ್ಳಿಯಲ್ಲಿ ಇಳಿಯುತ್ತೇನೆ.