ಬರಿಗಾಲಿನ ಕೋಣೆ

ಮಾರ್ಚ್ 4, ಮಧ್ಯಾಹ್ನ

ಹೀಟರ್ ಮತ್ತೆ ಕೈಕೊಟ್ಟಿದೆ. ಸ್ಪಂಜಿನ ದಿಂಬುಗಳನ್ನೆಲ್ಲ ಒಬ್ಬಳೇ ಪೇರಿಸಿದೆ. ಮಕ್ಕಳು ಬಂದು, ಶೂ ಬಿಚ್ಚಿ, ಗೋಪುರ ಕೆಡವಿದರು. ಜೊತೆಗೆ ನಾನೂ ಬಿದ್ದೆ. ಸೈಕೋಮೋಟರ್ ಥೆರಪಿ ಅಂದರೆ ಇಟಲಿಯ ಈ ನಮ್ಮ ಫೆರಾರಾದಲ್ಲಿ ಇವತ್ತಿಗೂ ಯಾರಿಗೂ ಅರ್ಥವಾಗಲ್ಲ. ಎನ್ನಿಯೊ ಬದುಕಿದ್ದಾಗ ನೆಂಟರಿಗೆಲ್ಲ ಹೇಳ್ತಿದ್ದ: "ನಮ್ಮನೆಯವಳಿಗೆ ಬೀಳೋದಕ್ಕೇ ಸಂಬಳ." ಸುಳ್ಳೇನಲ್ಲ. ಬಾಯಲ್ಲಿ ಬಾರದ್ದನ್ನು ಮಗು ಮೈಯಲ್ಲಿ ಹೇಳುತ್ತೆ, ನಾವೂ ಮೈಯಲ್ಲೇ ಉತ್ತರ ಕೊಡಬೇಕು.

ಅಗ್ನೇಸೆ ಇವತ್ತೂ ಏಣಿಯ ತುದಿಯಲ್ಲಿ ಕೂತೇ ಇದ್ದಳು. ಐದು ವರ್ಷ. ಅಮ್ಮ ಆಸ್ಪತ್ರೆಗೆ ಹೋದವಳು ವಾಪಸ್ ಬರಲಿಲ್ಲ. ಅಂದಿನಿಂದ ಹುಡುಗಿ ಓಡಲ್ಲ, ಹಾರಲ್ಲ, ಗೋಡೆ ಹಿಡಿದೇ ನಡೀತಾಳೆ. ಏಣಿ ಹತ್ತುವುದಕ್ಕೇ ಇಡೀ ಚಳಿಗಾಲ ಹಿಡಿಯಿತು. ಇನ್ನು ಹಾರಬೇಕು. ಕೆಳಗೆ ಹಾಸಿಗೆ ಇದೆ, ಕೈ ಚಾಚಿಕೊಂಡು ನಾನಿದ್ದೇನೆ. ಅದೊಂದು ನೋಡಿಬಿಟ್ಟರೆ ಸಾಕು ನನಗೆ.

ಮಾರ್ಚ್ 11

ಕೇಂದ್ರದ ನಿರ್ದೇಶಕ ಟುಲಿಯೊ ಕಾಫಿಗೆ ಕರೆದ. ಅವನು ಕಾಫಿಗೆ ಕರೆದರೆ ಕೆಟ್ಟ ಸುದ್ದಿಯೇ. ಹೊಸ ನಿಯಮವಂತೆ. ಯೂನಿವರ್ಸಿಟಿ ಡಿಗ್ರಿ ಇಲ್ಲದವರು ಇನ್ನು ಥೆರಪಿ ಮಾಡುವಂತಿಲ್ಲ, ಆ ಪದ ಬಳಸುವಂತೆಯೂ ಇಲ್ಲ. ನನ್ನದು ಖಾಸಗಿ ಶಾಲೆಯ ಸರ್ಟಿಫಿಕೇಟು... ಶಾಲೆ ಮುಚ್ಚಿಯೇ ಎಷ್ಟೋ ಕಾಲವಾಯಿತು. ಮುಂದಿನ ವಾರ ಸಮಿತಿಯ ಎದುರು ಹೋಗಬೇಕು.

ಮಾರ್ಚ್ 19, ಸಂಜೆ

ಮಾನ ಹೋಯಿತು. ಸಮಿತಿಯ ಬಾಗಿಲಲ್ಲಿ ಬಗ್ಗಿ ಶೂ ಬಿಚ್ಚಿಬಿಟ್ಟೆ! ಗೊತ್ತೇ ಆಗಲಿಲ್ಲ. ಎರಡನ್ನೂ ಗೋಡೆ ಪಕ್ಕ ಜೋಡಿಸಿಟ್ಟು, ಬರಿಗಾಲಲ್ಲಿ ಹೋಗಿ ಅವರ ಮುಂದೆ ನಿಂತೆ. ಸೂಟು ಹಾಕಿದವರೆಲ್ಲ ನನ್ನ ಪಾದವನ್ನೇ ನೋಡಿದರು. ಒಬ್ಬಾಕೆ ಮೆಲ್ಲಗೆ, "ಮೇಡಂ, ಇಲ್ಲಿ ಬಿಚ್ಚೋದು ಬೇಕಾಗಿರಲಿಲ್ಲ," ಅಂದಳು.

ಡಿಗ್ರಿ ಎಲ್ಲಿ ಅಂದರು. ನಾವು ಕಲಿಯುವಾಗ ಆ ಡಿಗ್ರಿಯೇ ಇರಲಿಲ್ಲ ಅಂದೆ. ಬರೆದುಕೊಂಡರು. ತೀರ್ಮಾನವೂ ಅಲ್ಲೇ ಆಯಿತು: ಬೇಕಿದ್ದರೆ "ಆಟದ ಸಹಾಯಕಿ" ಆಗಿ ಇರಬಹುದು, ಡಿಗ್ರಿ ಇದ್ದವರ ಕೈಕೆಳಗೆ. ಬೇಡ ಅಂದು ಶೂ ಹಾಕಿಕೊಂಡು ಬಂದೆ.

ಮಾರ್ಚ್ 22

ಮನೆ. ಬರೀ ಹಳೆಯದೇ ನೆನಪು. ಬೊಲೊನ್ಯಾದ ಆ ಶಾಲೆ, 1984. ಫ್ರಾನ್ಸಿನಿಂದ ಬಂದ ಮುದುಕಿ ಮೇಷ್ಟ್ರು ಮೊದಲ ಚಳಿಗಾಲವಿಡೀ ತರಗತಿಯಲ್ಲಿ ನಮ್ಮನ್ನು ಮಾತಾಡಗೊಡಲಿಲ್ಲ. ನೆಲದ ಮೇಲೆ ಹೊರಳಿ, ಒಬ್ಬರ ಬೆನ್ನಿಗೆ ಒಬ್ಬರು ಒರಗಿ, ಸುಮ್ಮನೆ ಉಸಿರು ಕೇಳಬೇಕು. ನಕ್ಕೆವು, ಆಮೇಲೆ ಅತ್ತೆವು. ಊರಿಗೆ ಬಂದು ಚರ್ಚಿನ ನೆಲಮಾಳಿಗೆಯಲ್ಲಿ ಕೋಣೆ ಶುರು ಮಾಡಿದಾಗ ಹಾಸಿಗೆಗಳೂ ಬೇಡಿ ತಂದವೇ. ತಾಯಂದಿರು ಕುಂಬಳದ ಹೂರಣ ತುಂಬಿದ ಪಾಸ್ತಾ ತಂದು ಇಟ್ಟುಹೋಗೋರು. ಥೆರಪಿ ಅಂತ ಯಾರೂ ಅನ್ನಲಿಲ್ಲ, "ಲೊರೆದಾನಾಳ ಹತ್ರ ಹೋಗ್ತೀವಿ" ಅನ್ನೋರು. ಎಂಥಾ ದಿನಗಳು... ಎಷ್ಟು ಸುಖವಾಗಿದ್ದೆ.

ಏಪ್ರಿಲ್ 28

ಟುಲಿಯೊ ಫೋನು. ಅಗ್ನೇಸೆ ಕಾರಿಡಾರಿನಲ್ಲೇ ಕೂತಿರ್ತಾಳಂತೆ. ಶೂ ಬಿಚ್ಚಲ್ಲ, ಕೋಣೆಗೆ ಬರಲ್ಲ. "ಲೊರೆ, ನಿನ್ನ ಕೋಪ ನನ್ನ ಮೇಲಿರಲಿ. ಆ ಮಗು ಏನು ಮಾಡ್ತು?"

ಸೋತೆ. ನಾಳೆಯಿಂದ ಆಟದ ಸಹಾಯಕಿ. ರಜೆ ಶುರುವಾಗೋತನಕ ಮಾತ್ರ.

ಮೇ 13

ನನ್ನ ಜಾಗಕ್ಕೆ ಬಂದ ಡಿಗ್ರಿಯವಳ ಹೆಸರು ಮಿಕೋಲ್. ನನ್ನ ಮಗಳ ವಯಸ್ಸು. ದ್ವೇಷಿಸೋಣ ಅಂದುಕೊಂಡಿದ್ದೆ, ಆಗ್ತಿಲ್ಲ. ಚೆನ್ನಾಗಿ ಬೀಳ್ತಾಳೆ, ನನ್ನ ಮಂಡಿಯಂತೆ ಅವಳದು ಕಿರುಗುಟ್ಟಲ್ಲ. ಅಗ್ನೇಸೆ ನನ್ನ ಕೈ ಹಿಡಿದು ಒಳಗೆ ಬಂದಳು, ಏಣಿ ಹತ್ತಿದಳು. ಅಷ್ಟೇ.

ಮೇ 27

ದಿಂಬು ಎತ್ತಿಡುವಾಗ ಮಿಕೋಲ್ ಅಂದಳು: "ಬೈಬೇಡಿ. ನೀವು ಕೈ ಚಾಚಿದ ಕೂಡ್ಲೇ ಅವಳು ಹಿಂದೆ ಸರೀತಾಳೆ."

"ಹಿಡ್ಕೊಳ್ದೆ ಹೇಗಮ್ಮಾ ಇರಲಿ?"

"ಹಿಡ್ಕೊಂಡೋರು ಬಿಟ್ಟುಹೋಗ್ತಾರೆ ಅಂತ ಅವಳಿಗೆ ಗೊತ್ತು. ಹಾಸಿಗೆ ಎಲ್ಲಿಗೂ ಹೋಗಲ್ವಲ್ಲ."

ಮೈಯೆಲ್ಲ ಉರಿಯಿತು. ಮಾರ್ಚ್‌ನಲ್ಲಿ ನಾನೇ ಬಿಟ್ಟುಹೋಗಿದ್ದೆ. ಅದನ್ನು ಅವಳು ಹೇಳಲಿಲ್ಲ, ಒಳ್ಳೆಯ ಹುಡುಗಿ.

ಜೂನ್ 10, ಮಧ್ಯಾಹ್ನ

ಕೊನೇ ದಿನ. ನಾನು ಗೋಡೆ ಪಕ್ಕದ ಬೆಂಚಿನಲ್ಲಿ ಕೂತೆ, ಕೈ ತೊಡೆ ಕೆಳಗೆ ಒತ್ತಿಕೊಂಡು. ಮಿಕೋಲ್ ಹಾಸಿಗೆಯ ಆಚೆ ಅಂಗಾತ ಮಲಗಿ ಸೂರು ನೋಡ್ತಿದ್ದಳು. ಅಗ್ನೇಸೆ ಏಣಿ ತುದಿಯಲ್ಲಿ. ಆಮೇಲೆ ಎದ್ದು ನಿಂತಳು.

"ಮಿಕೋಲ್, ನೋಡು."

ಹಾರಿದಳು. ಬಿದ್ದು, ನಕ್ಕು, ಮತ್ತೆ ಏಣಿಗೆ ಓಡಿದಳು — ಓಡಿದಳು! "ಮಿಕೋಲ್, ಇನ್ನೊಂದ್ಸಲ ನೋಡು." ನನ್ನ ಕಡೆ ತಿರುಗಲೇ ಇಲ್ಲ. ಮಗುವಿಗೆ ನಾವು ಬೇಡವಾಗೋದೇ ನಮ್ಮ ಕೆಲಸ ಅಂತ ಎಷ್ಟು ಜನಕ್ಕೆ ಪಾಠ ಮಾಡಿಲ್ಲ ನಾನು. ಖುಷಿಯಾಯಿತು ಅಂತ ಬರೆಯಬೇಕು. ಆಯಿತು ಕೂಡ. ಆದರೆ ಒಂದೇ ಒಂದು ಸಲ ನನ್ನ ಕಡೆ ನೋಡಿದ್ದಿದ್ದರೆ...