ಅಂಟದ ಕೆಮ್ಮು

ಭಾಬಿಗೆ ಸಬೀನಾಳ ಸಲಾಂ.

ನನ್ನ ಅಕ್ಷರ ಸೊಟ್ಟ, ತಪ್ಪುಗಳೂ ಇರುತ್ತವೆ, ಬೇಜಾರಾಗಬೇಡಿ.

ಅಮ್ಮಿಯ ಕೆಮ್ಮು ಟಿಬಿಯದೆಂದು ಹೆದರಿ ನೀವು ಮಗಳು ಸಾನಿಯಾಳೊಂದಿಗೆ ತವರೂರು ತಾವರಗೇರಾಕ್ಕೆ ಹೋದಿರಿ. ಆಮೇಲೆ ಅಮ್ಮಿ ಹಿತ್ತಲಿಗೆ ಹೋಗಿ, ಬಾಯಿಗೆ ಸೆರಗು ಒತ್ತಿಕೊಂಡು ಕೆಮ್ಮುತ್ತಿದ್ದಳಂತೆ. ಕೆಮ್ಮು ನಿಂತಿತೆಂದೇ ನಾವು ತಿಳಿದಿದ್ದೆವು.

ನಿನ್ನೆ ಕೊಪ್ಪಳದಲ್ಲಿ ಡಾಕ್ಟರ್ ಹೇಳಿದರು: "ಟಿಬಿ ಅಲ್ಲಮ್ಮ. ಕ್ಯಾನ್ಸರಿಗಂತ ಎದಿಗೆ ಕರೆಂಟ್, ಅಂದ್ರ ರೇಡಿಯೇಷನ್, ಇಟ್ಟಿದ್ರಲ್ಲ, ಅದು ಒಳಗ ಶ್ವಾಸಕೋಶಕ್ಕೂ ತಾಗೇತಿ. ಮೊದಲ ಬಾತಿತ್ತು, ಆಗ ಬಂದಿದ್ರ ಗುಳಿಗಿಗೆ ಇಳೀತಿತ್ತು. ಈಗ ಕಲೆ ಬಿದ್ದು ಗಟ್ಟಿಯಾಗೇತಿ, ಮತ್ತ ಮೆತ್ತಗಾಗೂದಿಲ್ಲ."

"ಯಾಕ ಹೇಳಲಿಲ್ಲ ಅಮ್ಮಿ?" ಎಂದೆ.

"ಹೇಳಿದ್ರ ಕೂಸು ತಿರುಗಿ ಬರತಿತ್ತೇನು?" ಎಂದಳು.

ಇದು ಯಾರಿಗೂ ಅಂಟುವುದಿಲ್ಲ ಭಾಬಿ. ಸಾನಿಯಾಳನ್ನು ಬೇಗ ಕರೆದುಕೊಂಡು ಬನ್ನಿ.

ಇಂದು ಬೆಳಿಗ್ಗೆ ಅಮ್ಮಿ ಕುಡಿದು ಉಳಿಸಿದ ಚಹಾವನ್ನು ನಾನು ಅದೇ ಕಪ್ಪಿನಲ್ಲಿ ಕುಡಿದೆ.

ನಿಮ್ಮ ನಾದಿನಿ,
ಸಬೀನಾ
ಗಂಗಾವತಿ